ತೂಕ ಇಳಿಯಲಿಲ್ಲ, ಬಿಪಿ ಇಳಿಯಿತು

ಸಂಪಾದಕರಿಗೆ ನಮಸ್ಕಾರ,

ದಪ್ಪಗಿರುವ ಮಕ್ಕಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಪೂರ್ತಿ ತೂಕದ್ದೇ ಮಾತು. ಬಿಪಿ ಬಗ್ಗೆ ಒಂದು ಸಾಲೂ ಇರಲಿಲ್ಲ.

ನನ್ನ ಮಗನಿಗೆ 11 ವರ್ಷ. ಅವನಿಗೆ ಬಿಪಿ ಜಾಸ್ತಿ ಇದೆ ಅಂದಾಗ ನಾನು ನಕ್ಕುಬಿಟ್ಟಿದ್ದೆ. ಮಕ್ಕಳಿಗೆ ಎಂಥ ಬಿಪಿ ಅಂತ! ಮೈಯಲ್ಲಿ ಕೊಬ್ಬು ಹೆಚ್ಚಾದರೆ ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳ ಬಿಗಿಯಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ನೋವಿಲ್ಲ, ಸುಸ್ತಿಲ್ಲ. ಅಳೆದು ನೋಡಿದರೆ ಮಾತ್ರ ಸಿಗುತ್ತದೆ.

ಅಳೆಯುವುದೂ ಸುಲಭವಲ್ಲ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಅವನ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರು. ಗಾಳಿ ತುಂಬುತ್ತಿದ್ದಂತೆ ಪರಪರ ಬಿಚ್ಚಿಕೊಂಡಿತು. ಮತ್ತೆ ಒತ್ತಿ ಹಿಡಿದು ಅಳೆದರು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ 80ರಷ್ಟಾದರೂ ಸುತ್ತಬೇಕು. ಇನ್ನೊಂದು ಕಡೆ ಐದು ನಿಮಿಷ ಕೂರಿಸಿ, ದೊಡ್ಡ ಪಟ್ಟಿಯಲ್ಲಿ ನೋಡಿದರು. ಸಂಖ್ಯೆ ಇಳಿಯಿತು, ಆದರೂ ಅವನ ವಯಸ್ಸಿಗೆ, ಎತ್ತರಕ್ಕೆ ಅದು ಹೆಚ್ಚೇ ಇತ್ತು.

ದಿನಾ ಒಂದು ಗಂಟೆ ಬೆವರು ಬರುವಂತೆ ಆಡಲಿ ಅಂದರು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದೂ ದಿನಕ್ಕೆ ಸರಾಸರಿ 60 ನಿಮಿಷವೇ. ಸೈಕಲ್, ಸ್ಕಿಪ್ಪಿಂಗ್, ಮುಟ್ಟಾಟ ಶುರುವಾಯಿತು. ಮೂರು ತಿಂಗಳಾದ ಮೇಲೆ ತೂಕ ನೋಡಿದರೆ ಮುಳ್ಳು ಅಲ್ಲೇ ಇದೆ! ಮಗನ ಮುಖ ಸಪ್ಪಗಾಯಿತು. "ಸುಮ್ನೆ ಓಡಿಸಿದ್ರಿ ಅಲ್ವಾಮ್ಮಾ" ಅಂದ. ನನಗೂ ಹಾಗೇ ಅನ್ನಿಸಿತ್ತು. ಆದರೆ ಅದೇ ದೊಡ್ಡ ಪಟ್ಟಿಯಲ್ಲಿ ಅಳೆದಾಗ ಬಿಪಿಯ ಮೇಲಿನ ಸಂಖ್ಯೆ 6 ಕಡಿಮೆಯಾಗಿತ್ತು.

ಆಡುವಾಗ ರಕ್ತ ಜೋರಾಗಿ ಹರಿಯುತ್ತದೆ. ಆಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ನಾಳ ಸಡಿಲವಾಗುತ್ತದೆ. ಇದು ತೂಕ ಇಳಿಯಲಿ ಅಂತ ಕಾಯುವುದಿಲ್ಲ. ಎತ್ತರ ಬೆಳೆಯುವ ಮಗುವಿಗೆ ತೂಕ ಅಷ್ಟಕ್ಕೇ ನಿಂತರೂ ಲಾಭವೇ. ಆದರೆ ಪರೀಕ್ಷೆ ಬಂತೆಂದು ಆಟ ಬಿಡಿಸಿದರೆ ಗಳಿಸಿದ್ದು ಮೆಲ್ಲಗೆ ಜಾರುತ್ತದೆ. ಬಿಪಿ ತುಂಬಾ ಏರಿದ್ದರೆ ಮಾತ್ರ, ಭಾರ ಎತ್ತುವಂಥ ಕಸರತ್ತಿಗೆ ಮೊದಲು ಡಾಕ್ಟರನ್ನು ಕೇಳಲೇಬೇಕು.

ಶಾಲೆಗಳಲ್ಲಿ ಆರೋಗ್ಯ ತಪಾಸಣೆ ಮಾಡುವವರು ಮಕ್ಕಳ ತೂಕವನ್ನು ಎಲ್ಲರೆದುರು ಕೂಗಿ ಬರೆಸುತ್ತಾರೆ. ಕೂಗುವುದು ಬಿಡಲಿ, ಬಿಪಿಯನ್ನೂ ನೋಡಲಿ. ಬರುವಾಗ ಚೀಲದಲ್ಲಿ ದೊಡ್ಡ ಪಟ್ಟಿಯೊಂದು ಇರಲಿ.

ಇಂತಿ,
ಒಬ್ಬ ತಾಯಿ