ತೆಂಗಿನ ಗುಂಡಿಯಲ್ಲಿ ಕ್ಯಾಮೆಲಿಯಾ: ಮೂಡಿಗೆರೆಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ವಾರ ನಾನು ಕಳಿಸಿದ ಫೋಟೋ ನೋಡಿ ನೀನು "ಇದೇನು ಮಾರಾಯ, ಅಮೆರಿಕದ ಚಳೀಲಿ ದಾಸವಾಳ?" ಅಂತ ಕೇಳಿದ್ದೆ. ದಾಸವಾಳ ಅಲ್ಲ, ಕ್ಯಾಮೆಲಿಯಾ. ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಮುಗಿಸೋಣ ಅಂತ ಕೂತೆ. ಆಗಲಿಲ್ಲ. ಈ ಗಿಡದ ಜೊತೆ ನನಗೆ ಐದು ವರ್ಷದ ಜಗಳವಿದೆ, ಅದನ್ನೆಲ್ಲ ಹೇಳಬೇಕು.

ಅಟ್ಲಾಂಟಾದಲ್ಲಿ ಹಿಮ ಬೀಳುವುದು ಅಪರೂಪ. ಆದರೂ ಡಿಸೆಂಬರ್ ಬಂತೆಂದರೆ ಮರಗಳೆಲ್ಲ ಬೋಳು. ಅಂಗಳದ ಹುಲ್ಲು ಗೋಣಿಚೀಲದ ಬಣ್ಣಕ್ಕೆ ತಿರುಗಿರುತ್ತದೆ. ಸಂಜೆ ಐದೂವರೆಗೇ ಕತ್ತಲು. ಇಂಥ ಹೊತ್ತಲ್ಲಿ ಹತ್ತಿರದ ಬೀದಿಯ ಒಂದು ಮನೆ ಮುಂದೆ ಆಳೆತ್ತರದ ಪೊದೆ ಕಂಡೆ. ಮೈತುಂಬಾ ಕೆಂಪು ಹೂ, ನಡುವೆ ಹಳದಿ ಕೇಸರಗಳ ಕುಚ್ಚು. ಕೆಳಗೆ ಎಸಳು ಹಾಸಿಕೊಂಡಿತ್ತು. ಬಾಗಿಲು ತಟ್ಟಿ ಹೆಸರು ಕೇಳಿದೆ. ಕ್ಯಾಮೆಲಿಯಾದಲ್ಲಿ ಸಸಾಂಕ್ವ ಜಾತಿ, ಯೂಲ್‌ಟೈಡ್ ಅನ್ನೋ ತಳಿ ಅಂದರು ಆ ಮನೆಯ ಅಜ್ಜಿ. ಯೂಲ್‌ಟೈಡ್ ಅಂದರೆ ಕ್ರಿಸ್‌ಮಸ್ ಕಾಲ, ಆ ಹೊತ್ತಿಗೆ ಅರಳುತ್ತದೆ, ಅದಕ್ಕೇ ಆ ಹೆಸರು.

ಆ ಶನಿವಾರವೇ ಒಂದು ಗಿಡ ತಂದೆ. ಮಾಡಿದ ತಪ್ಪು ಕೇಳು. ಊರಲ್ಲಿ ಅಪ್ಪ ತೆಂಗಿನ ಸಸಿಗೆ ಮೂರಡಿ ಗುಂಡಿ ತೋಡುತ್ತಿದ್ದರಲ್ಲ, ಅದೇ ತಲೆಯಲ್ಲಿತ್ತು. ಇಲ್ಲಿನ ಮಣ್ಣೂ ನಮ್ಮ ಕಡೆಯದರ ಹಾಗೆ ಕೆಂಪು. ಆದರೆ ಅಂಟು ಜಾಸ್ತಿ, ಒದ್ದೆಯಾದರೆ ಕುಂಬಾರನ ಮಣ್ಣೇ ಸರಿ. ಸೊಂಟ ನೋಯುವಷ್ಟು ಅಗೆದು, ಗೊಬ್ಬರ ತುಂಬಿ, ಗಿಡವನ್ನು ಆಳಕ್ಕೆ ಇಳಿಸಿ, ದಿನಾ ಒಂದು ಬಕೆಟ್ ನೀರು ಹೊಯ್ದೆ. ಮೇ ತಿಂಗಳಿಗೆ ಎಲೆ ಹಳದಿಯಾಯಿತು. ನೀರು ಸಾಲದೇನೋ ಅಂತ ಇನ್ನೂ ಸುರಿದೆ! ಜುಲೈನಲ್ಲಿ ಕಿತ್ತು ನೋಡಿದರೆ ಬೇರೆಲ್ಲ ಕಪ್ಪು. ಕೈಯಲ್ಲಿ ಎಳೆದರೆ ಸಿಪ್ಪೆ ಜಾರಿ ದಾರದಂಥ ಎಳೆ ಮಾತ್ರ ಉಳಿಯಿತು. ಗುಂಡಿಯ ತಳದಲ್ಲಿ ನೀರು ನಿಂತು ಚರಂಡಿ ವಾಸನೆ.

ಆ ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟರು. ಕ್ಯಾಮೆಲಿಯಾವನ್ನು ನೆಲದೊಳಗೆ ನೆಡುವುದಲ್ಲವಂತೆ, ನೆಲದ ಮೇಲೆ ಕೂರಿಸುವುದಂತೆ. ಗುಂಡಿ ಅಗಲ ಇರಬೇಕು, ಆಳ ಬೇಡ. ಬೇರು ಹಿಡಿದ ಮಣ್ಣಿನ ಮುದ್ದೆಯ ತಲೆ ನೆಲಮಟ್ಟಕ್ಕಿಂತ ಒಂದೆರಡು ಇಂಚು ಮೇಲೇ ಇರಬೇಕು. ಸುತ್ತ ಮಣ್ಣು ಏರಿಸಿ, ಮೇಲೆ ಪೈನ್ ಮರದ ಒಣ ಎಲೆ ಹೊದಿಸಬೇಕು, ಕಾಂಡಕ್ಕೆ ಮಾತ್ರ ತಾಗಬಾರದು. ನಿಮ್ಮ ಕಾಫಿ ತೋಟದಲ್ಲಿ ನೆಲಕ್ಕೆ ಹೊದಿಕೆಯಾಗುವ ಒಣ ಎಲೆಯ ದರಗಿನ ಕೆಲಸವೇ ಅಂದುಕೋ. ಮಧ್ಯಾಹ್ನದ ಮೇಲೆ ನೆರಳು ಸಿಗುವ ಜಾಗ ಒಳ್ಳೆಯದು. ಮರಗಸಿ ಮಾಡಿ ಬಿಸಿಲು-ನೆರಳು ಹದ ಮಾಡುವ ನಿನಗೆ ಇದನ್ನೇನು ಹೇಳಿಕೊಡೋದು? ಒಂದು ವಿಷಯದಲ್ಲಿ ಮಾತ್ರ ನೀನು ಸೋಲುತ್ತೀಯ. ಮಣ್ಣು ಹುಳಿಯಾಯಿತು ಅಂತ ನೀವು ಸುಣ್ಣ ಹಾಕುತ್ತೀರಿ, ಇದಕ್ಕೆ ಹುಳಿ ಮಣ್ಣೇ ಬೇಕು. ಪಿಎಚ್ 5.5ರಿಂದ 6.5ರ ಒಳಗಿದ್ದರೆ ಖುಷಿ. ಸುಣ್ಣ ಕಂಡರೆ ಎಲೆ ಬಿಳಿಚಿಕೊಳ್ಳುತ್ತದೆ.

ಎರಡನೇ ಗಿಡ ಬದುಕಿತು. ಅದರ ಎಲೆಯ ಅಡಿಯಲ್ಲಿ ಒಂದು ದಿನ ಬಿಳಿ ಹತ್ತಿಯಂಥದ್ದು ಕಾಣಿಸಿತು. ಹಿಟ್ಟು ತಿಗಣೆ ಅಂದುಕೊಂಡೆ. ಅಲ್ಲ, 'ಟೀ ಸ್ಕೇಲ್' ಅನ್ನೋ, ಎಲೆಗಂಟಿ ರಸ ಹೀರುವ ಶಲ್ಕ ಕೀಟವಂತೆ. ಈ ಗಿಡಕ್ಕೂ ಟೀಗೂ ಏನು ಸಂಬಂಧ ಅಂತ ಎಲೆ ತಿರುಗಿಸಿ ನೋಡಿದೆ. ಗರಗಸದಂಥ ಅಂಚು, ದಪ್ಪ, ಮೇಲೆ ಎಣ್ಣೆ ಹಚ್ಚಿದ ಹಾಗೆ ಹೊಳಪು. ಕೊಟ್ಟಿಗೆಹಾರದ ಕಡೆ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಅದೇ ಎಲೆ! ಟೀ ಗಿಡದ ಪೂರ್ತಿ ಹೆಸರೇ ಕ್ಯಾಮೆಲಿಯಾ ಸೈನೆನ್ಸಿಸ್, ಮಾರಾಯ. ಇದು ಅದರ ಖಾಸಾ ತಂಗಿ. ಟೀಗೂ ಹಳದಿ ಕೇಸರದ ಪುಟ್ಟ ಬಿಳಿ ಹೂ ಆಗುತ್ತದೆ. ಚಿಗುರು ಕೊಯ್ಯುತ್ತಲೇ ಇರುವ ತೋಟದಲ್ಲಿ ಅದು ಕಣ್ಣಿಗೆ ಬೀಳುವುದು ಕಡಿಮೆ, ಅಷ್ಟೇ. ದಿನಕ್ಕೆ ಮೂರು ಲೋಟ ಟೀ ಕುಡಿಯುವ ನನಗೆ ಇದು ಗೊತ್ತಾಗಲು ಒಂದು ಹುಳ ಬರಬೇಕಾಯಿತು. ಹೆಸರಿನ ಕಥೆ ಇನ್ನೂ ತಮಾಷೆ. ಫಿಲಿಪೀನ್ಸ್‌ನಲ್ಲಿದ್ದ ಕಾಮೆಲ್ ಎಂಬ, ಜೆಸ್ವಿಟ್ ಅನ್ನೋ ಕ್ರೈಸ್ತ ಸಂಘದ ಬ್ರದರ್ ಒಬ್ಬರ ನೆನಪಿಗೆ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಅದು. ಕ್ಯಾಮೆಲ್ ಅಂತ ಕೇಳಿಸಿತು ಅಂದುಕೊಂಡು ಒಂಟೆಯಲ್ಲಿ ಇದರ ಮೂಲ ಹುಡುಕಬೇಡ.

ಹುಳಕ್ಕೆ ಎಣ್ಣೆ ಸಿಂಪಡಿಸಿದೆ, ಹೋಯಿತು. ಆದರೆ ಆ ವರ್ಷ ಹೂವೇ ಬರಲಿಲ್ಲ. ಅದೂ ನನ್ನದೇ ಕೈಗುಣ. ದಸರಾ ಗೊಂಬೆ ನೋಡಲು ಜನ ಬರುತ್ತಾರೆ ಅಂತ ಸೆಪ್ಟೆಂಬರ್‌ನಲ್ಲಿ ಕತ್ತರಿ ಹಿಡಿದು ಗಿಡವನ್ನು ಚೆಂಡಿನ ಹಾಗೆ ದುಂಡಗೆ ಕತ್ತರಿಸಿದ್ದೆ. ಮೊಗ್ಗು ಕಟ್ಟುವುದು ಬೇಸಿಗೆಯಲ್ಲಿ, ಹೊಸ ಚಿಗುರಿನ ತುದಿಯಲ್ಲಿ. ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿದ್ದೆ. ಈಗ ಏನೇ ಕತ್ತರಿಸುವುದಿದ್ದರೂ ಹೂ ಮುಗಿದ ತಕ್ಷಣ. ಮೊಗ್ಗು ಗುರುತಿಸುವುದೂ ಬಂದಿದೆ. ದುಂಡಗೆ, ಮೆಣಸಿನ ಕಾಳಿಗಿಂತ ದಪ್ಪಗೆ ಇದ್ದರೆ ಹೂವು. ಪಕ್ಕದಲ್ಲೇ ಸೂಜಿಯ ಹಾಗೆ ಚೂಪಗಿದ್ದರೆ ಎಲೆ.

ಎರಡು ವರ್ಷದ ಹಿಂದೆ ಅಮ್ಮ ಬಂದಿದ್ದಳು. ಬೆಳಿಗ್ಗೆ ಸ್ವೆಟರ್ ಮೇಲೆ ನನ್ನ ಜಾಕೆಟ್ ಹಾಕಿಕೊಂಡು, ಸ್ಟೀಲ್ ತಟ್ಟೆ ಹಿಡಿದು ಹೂ ಕೊಯ್ಯಲು ಹೊರಡುತ್ತಿದ್ದಳು. ಸಸಾಂಕ್ವದ್ದೊಂದು ತೊಂದರೆ, ಎಸಳು ಒಂದೊಂದಾಗಿ ಉದುರುತ್ತದೆ. ದೇವರ ಮುಂದಿಟ್ಟರೆ ಸಂಜೆಗೆ ಬರೀ ಕೇಸರ. ಅದೇ ಇನ್ನೊಂದು ಜಾತಿ ಇದೆ, ಜಪಾನಿಕಾ. ನಮ್ಮಲ್ಲಿರುವುದು ತಿಳಿ ಗುಲಾಬಿ ಬಣ್ಣದ್ದು, ಎಸಳ ಮೇಲೆ ಎಸಳು ಜೋಡಿಸಿಟ್ಟ ಹಾಗೆ. ಅದರ ಹೂ ಇಡಿಯಾಗಿ ಕಳಚಿ ಬೀಳುತ್ತದೆ. ಒಂದು ಬೆಳಿಗ್ಗೆ ಅಮ್ಮ ಅದರ ಮುಂದೆ ತಟ್ಟೆ ಹಿಡಿದು ನಿಂತೇ ಇದ್ದಳು. "ನೆಲಕ್ಕೆ ಬಿದ್ದಿದ್ದು ದೇವರಿಗಾಗುತ್ತೇನೋ?" ಅಂದಳು. ನನಗೇನು ಗೊತ್ತು? ಆಮೇಲೆ ಅವಳೇ "ಪಾರಿಜಾತ ಆಗಲ್ವಾ ಮತ್ತೆ" ಅಂದುಕೊಂಡು ಬಗ್ಗಿ ಆರಿಸಿಕೊಂಡಳು.

ಅದರಲ್ಲೂ ಒಂದು ಎಚ್ಚರ ಬೇಕು. ಚಳಿಗಾಲದ ಕೊನೆಗೆ ಎಸಳು ಕಂದು ತಿರುಗಿಸುವ ಬೂಷ್ಟು ರೋಗ ಬರುತ್ತದೆ. ಬಿದ್ದ ಹೂವನ್ನು ಗಿಡದ ಬುಡದಲ್ಲಿ ಬಿಟ್ಟರೆ ಅದು ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದಂತೆ. ಬೇಗ ಹೂ ಮುಗಿಸುವ ಸಸಾಂಕ್ವ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಅಮ್ಮ ಇದ್ದಷ್ಟು ದಿನ ಬುಡ ಗುಡಿಸಿದಷ್ಟು ಚೊಕ್ಕ.

ನೀನು ಒಂದು ಸಸಿ ತಾ ಅಂದೆ. ತರೋದಿಲ್ಲ ಕಣೋ, ಬೇಜಾರಾಗಬೇಡ. ಪರವಾನಗಿ, ಪ್ರಮಾಣಪತ್ರ ಇಲ್ಲದೆ ಗಿಡ ತರುವ ಹಾಗಿಲ್ಲ. ಹಾಗೆ ತರಲೂ ಬಾರದು. ಕ್ಯಾಲಿಫೋರ್ನಿಯಾದಲ್ಲಿ ಓಕ್ ಮರಗಳನ್ನು ಕೊಂದ ಶಿಲೀಂಧ್ರದಂಥ ಒಂದು ರೋಗ ಕ್ಯಾಮೆಲಿಯಾ ಎಲೆಯಲ್ಲೂ ಅಡಗಿರುತ್ತದೆ. ನಿನ್ನ ತೋಟದ ಪಕ್ಕಕ್ಕೆ ಅದನ್ನು ತಂದ ಪುಣ್ಯಾತ್ಮ ನಾನಾಗುವುದು ಬೇಡ. ಟೀ ಬೆಳೆಯುವ ಕಡೆ ಇದೂ ಬದುಕೀತು ಅಂತ ನನ್ನ ಲೆಕ್ಕ. ಬೆಟ್ಟದ ಕಡೆಯ ನರ್ಸರಿಗಳಲ್ಲಿ ಕೇಳಿ ನೋಡು. ಸಿಕ್ಕರೆ ತೆಂಗಿನ ಗುಂಡಿ ಮಾತ್ರ ತೋಡಬೇಡ.

ಕೊಯ್ಲು ಎಲ್ಲಿಗೆ ಬಂತು? ಆಳು ಸಿಕ್ಕಿದರಾ?

ಇವತ್ತು ರಾತ್ರಿ ಮೈನಸ್ ಆರಕ್ಕೆ ಇಳಿಯುತ್ತದಂತೆ. ಬಿಗಿದ ಮೊಗ್ಗಿಗೇನೂ ಆಗುವುದಿಲ್ಲ, ಅರಳಿದ್ದು ನಾಳೆಗೆ ಟೀ ಬಣ್ಣ. ಸಂಜೆಯೇ ಬುಡಕ್ಕೆ ನೀರು ಹಾಕಿದ್ದೇನೆ. ಅರ್ಧ ಬಿರಿದ ಹನ್ನೊಂದು ಇವೆ, ಎಣಿಸಿದೆ. ಹಳೇ ಬೆಡ್‌ಶೀಟ್ ಹೊದಿಸಿ ಬರುತ್ತೇನೆ, ಬಟ್ಟೆ ಕ್ಲಿಪ್ ಎಲ್ಲಿಟ್ಟಿದ್ದೇನೋ ಹುಡುಕಬೇಕು.

ನಿನ್ನ ಗೆಳೆಯ