ವಾರಕ್ಕೊಮ್ಮೆ ಬರುವ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕಂತೆ!

ಮಾನ್ಯ ಸಂಪಾದಕರೇ,

ಡೆಂಗಿ ಬರಬಾರದೆಂದರೆ ವಾರಕ್ಕೊಮ್ಮೆ ಬ್ಯಾರಲ್, ಡ್ರಮ್ಮು ಎಲ್ಲ ಖಾಲಿ ಮಾಡಿ, ತಿಕ್ಕಿ ತೊಳೆದು ಒಣಗಿಸಿ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುತ್ತಾರೆ. ಸರಿಯೇ, ಆ ಸೊಳ್ಳೆ ಮೊಟ್ಟೆಯೊಡೆದು ರೆಕ್ಕೆ ಬಲಿಯಲು ಎಂಟ್ಹತ್ತು ದಿನ ಸಾಕು. ಆದರೆ ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಳ ಬರುವುದೇ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಇದ್ದ ನೀರು ಚೆಲ್ಲಿ ಕುಡಿಯುವುದೇನನ್ನು?

ಸಂಪು ಇದ್ದವರಿಗೆ ಈ ಫಜೀತಿ ಇಲ್ಲ. ನೀರು ತಾನೇ ಸಂಪಿಗೆ ಬೀಳುತ್ತದೆ, ಮೋಟಾರ್ ಹಾಕಿದರೆ ಮೇಲಿನ ಟ್ಯಾಂಕು, ಮುಚ್ಚಳ ಭದ್ರ, ಸಾಲದ್ದಕ್ಕೆ ಬೋರು. ಎರಡು ಖೋಲಿಯ ಬಾಡಿಗೆ ಮನೆಯವರು ಮಾತ್ರ ಕೊಡ, ಬಕೆಟ್ಟು, ಬೋಗುಣಿ ಸಾಲು ಹಚ್ಚಿಕೊಂಡು ರಾತ್ರಿ ಎರಡಕ್ಕೆ ಎದ್ದು ಕೂರಬೇಕು, ಮರುದಿನದ ಕೂಲಿ ತಪ್ಪಿದರೆ ತಪ್ಪಿತು. ಅಷ್ಟರಲ್ಲಿ ಯಾರೋ ನಳಕ್ಕೇ ನೇರ ಮೋಟಾರ್ ಹಚ್ಚಿದರೆ ಓಣಿಯ ಕೊನೆಯವರಿಗೆ ಬರೀ ಗಾಳಿ. (ಹಚ್ಚಬಾರದು ಅಂತ ನಿಯಮ ಇದೆ. ಕೇಳುವವರು ಯಾರು?)

ನಮ್ಮ ಓಣಿಯಲ್ಲಿ ಮನೆಗಳಿಗೆ ಹೋಗುವ ಸಣ್ಣ ಪೈಪುಗಳು ಗಟಾರದಲ್ಲೇ ಹಾಯ್ದು ಹೋಗಿವೆ. ಪೈಪು ತುಂಬಿದ್ದಾಗ ಸಡಿಲ ಜಾಯಿಂಟಿನಿಂದ ನೀರು ಹೊರಗೆ ಸೋರುತ್ತದೆ. ಖಾಲಿಯಾದಾಗ ಗಟಾರದ್ದು ಒಳಗೆ ಬರುತ್ತದೆ. ಅದಕ್ಕೇ ಮೊದಲ ಕೊಡಗಳು ನಾರುತ್ತವೆ. ಪರಿಸರ ದಿನಾಚರಣೆಗೆ ಗಿಡ ನೆಡಲು ಬರುವವರು ಇದನ್ನೂ ಒಮ್ಮೆ ಬಗ್ಗಿ ನೋಡಲಿ.

ಇದು ಸುಮ್ನೆ ಹೇಳುವ ಮಾತಲ್ಲ. 2008ರ ಹೊತ್ತಿಗೇ ಅವಳಿ ನಗರದ ಕೆಲವು ವಾರ್ಡ್‌ಗಳಿಗೆ ದಿನದ 24 ತಾಸೂ ನೀರು ಬಂತು. ಆಮೇಲೆ ಸಂಶೋಧಕರು ಎರಡೂ ಕಡೆಯ ನಳದ ನೀರು ಪರೀಕ್ಷಿಸಿದರು. ಬಿಟ್ಟುಬಿಟ್ಟು ನೀರು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲೊಂದು ಮಾದರಿಯಲ್ಲಿ ಇ. ಕೊಲೈ, ಅಂದರೆ ನೀರಿಗೆ ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತು. ಸದಾ ಬರುವ ಕಡೆ ನೂರಕ್ಕೆ ಒಂದೂ ಇಲ್ಲ. ಊರು ಅದೇ, ಸವದತ್ತಿಯಿಂದ ಬರುವ ಮಲಪ್ರಭೆ ಅದೇ. ಹೀಗಿರುವಾಗ ಇಷ್ಟು ಮನೆಗೆ ನಳ ಕೊಟ್ಟಿದ್ದೇವೆ ಎಂಬ ಲೆಕ್ಕದಿಂದ ಏನು ತಿಳಿಯುತ್ತದೆ? ಸಂಪು ಇಲ್ಲದ ಮನೆ ಎಷ್ಟು ಅಂತ ಎಣಿಸಿ.

ಹೊಸ ಪೈಪ್‌ಲೈನು ಮೊದಲು ಅಂಥ ಓಣಿಗಳಿಗೆ ಬರಲಿ. ಅಲ್ಲಿತನಕ ಗಟಾರದೊಳಗಿನ ಪೈಪು ಮೇಲಕ್ಕೆತ್ತಿ, ನೀರು ಬಿಡುವ ತಾಸನ್ನು ಹಿಂದಿನ ದಿನವೇ ಫೋನಿಗೆ ತಿಳಿಸಿ. ಇದೇನು ಜಾಸ್ತಿ ಖರ್ಚಿನದ್ದಲ್ಲ ಅಲ್ವಾ? ಇನ್ನೊಂದು, ನಳ ಮಾಲೀಕರ ಹೆಸರಲ್ಲಿದೆ ಅಂತ ಬಾಡಿಗೆದಾರರ ದೂರನ್ನು ವಾಪಸ್ ಕಳಿಸುವುದು ನಿಲ್ಲಲಿ. ಆ ನೀರು ಕುಡಿಯುವವರು ನಾವು, ಮಾಲೀಕರು ಇರುವುದು ಬೇರೆ ಕಡೆ.

– ಓದುಗ, ಹಳೇ ಹುಬ್ಬಳ್ಳಿ