ಮಗಳಿಗೊಂದು ಪತ್ರ: ಎಲೆಕ್ಟ್ರಾನ್ ಎಲ್ಲಿಗೆ ಹೋಯ್ತು ಅಂತ ಕೇಳ್ನೋಡು

ಪುಟ್ಟಿ,

ಎದುರಿಗೆ ಕೂತು ಹೇಳೋಕೆ ಬಂದ್ರೆ ಜಗಳ ಆಗತ್ತೆ, ನೀನು "ಅಪ್ಪಾ ನಿಂಗೆ ಗೊತ್ತಾಗಲ್ಲ ಸುಮ್ನಿರು" ಅಂತೀಯ, ನಾನು ಮುಖ ಊದಿಸ್ಕೊಂಡು ಎದ್ದು ಹೋಗ್ತೀನಿ, ಅದಕ್ಕೇ ಬರೀತಿದೀನಿ. ನಿನ್ನೆ ರಾತ್ರಿ ನೀನು ಟೇಬಲ್ ಮೇಲೇ ತಲೆ ಇಟ್ಟು ಮಲಗ್ಬಿಟ್ಟಿದ್ದೆ, ಲೈಟ್ ಆರಿಸೋಕೆ ಬಂದವನು ನಿನ್ನ ಕೆಮಿಸ್ಟ್ರಿ ಪುಸ್ತಕ ನೋಡ್ದೆ. ಪುಟದ ತುಂಬಾ ಹಳದಿ ಹೈಲೈಟರ್. ಹಳದಿ ಬಳೀದೇ ಇರೋ ಲೈನ್ ಹುಡುಕಿದ್ರೂ ಸಿಗಲ್ಲ. ನಗು ಬಂತು, ಆಮೇಲೆ ಸ್ವಲ್ಪ ಭಯಾನೂ ಆಯ್ತು, ಯಾಕಂದ್ರೆ ನಿನ್ನ ವಯಸ್ಸಲ್ಲಿ ನಾನೂ ಹೀಗೇ ಓದಿ ಕೆಟ್ಟವನು.

ಒಂದೇ ಪುಟನ ನಾಲ್ಕು ಸಲ ಓದಿದ್ರೆ ಅದು ಪರಿಚಯದ ಮುಖ ಆಗತ್ತೆ ಅಷ್ಟೆ. ನೋಡಿದ ತಕ್ಷಣ ಹೌದೌದು ಗೊತ್ತು ಅನ್ಸತ್ತೆ, ಪರೀಕ್ಷೇಲಿ ಆ ಮುಖ ಎದುರಿಗೆ ಇರಲ್ಲ, ಹೆಸರು ಬಾಯಿಗೆ ಬರಲ್ಲ. ಪುಸ್ತಕ ಮುಚ್ಚಿ ಖಾಲಿ ಹಾಳೆ ತಗೊಂಡು, ಅಯಾನಿಕ ಬಂಧ ಅಂದ್ರೇನು ಅಂತ ನಿನಗೆ ನೀನೇ ಹೇಳ್ಕೊಂಡು ಬರಿ, ಸೋಡಿಯಂ ಕ್ಲೋರೈಡ್ ಚಿತ್ರ ಹಾಕು, ಎಲ್ಲಿ ಪೆನ್ನು ನಿಲ್ಲತ್ತೋ ಅದೊಂದೇ ಜಾಗ ಪುಸ್ತಕ ತೆಗೆದು ನೋಡು. ಎರಡು ದಿನ ಬಿಟ್ಟು ಮತ್ತೆ ಅದನ್ನೇ ಬರಿ. ಬೇಜಾರಿನ ಕೆಲ್ಸ ನಿಜ, ಹೈಲೈಟರ್ ಹಿಡ್ಕೊಂಡ ಖುಷಿ ಇದ್ರಲ್ಲಿ ಇಲ್ಲ.

ಈಗ ಮುಖ್ಯ ವಿಷ್ಯ. ಹದಿನೈದು ಪಾಠ ಇದೆ ಅಂತ ಅಳ್ತಿದ್ಯಲ್ಲ, ನಂಗೆ ಅದು ಹದಿನೈದು ಅಂತ ಅನ್ಸೋದೇ ಇಲ್ಲ. ಹೆಚ್ಚು ಕಮ್ಮಿ ಎಲ್ಲಾ ಪಾಠದಲ್ಲೂ ಎರಡೇ ಪ್ರಶ್ನೆ ವೇಷ ಹಾಕ್ಕೊಂಡು ಬರತ್ತೆ. ಎಲೆಕ್ಟ್ರಾನ್ ಎಲ್ಲಿಗೆ ಹೋಯ್ತು? ಎಷ್ಟಿದೆ? ಇಷ್ಟೇ.

ಸೋಡಿಯಂ ತಗೋ, ಒಳಗಿಂದ ಹೊರಗೆ ಕಕ್ಷೆಗಳಲ್ಲಿರೋ ಎಲೆಕ್ಟ್ರಾನ್ 2, 8, 1. ಕೊನೇ ಕಕ್ಷೆಲಿ ಒಂದೇ ಒಂದು, ಅದನ್ನ ಬಿಟ್ರೆ ಆರಾಮ. ಪೊಟ್ಯಾಸಿಯಂ 2, 8, 8, 1. ಅದರ ಒಂಟಿ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ಇನ್ನೂ ದೂರ, ಮಧ್ಯೆ ಅಡ್ಡ ನಿಂತಿರೋರೂ ಜಾಸ್ತಿ, ಹಿಡಿತ ಸಡಿಲ, ಸುಲಭವಾಗಿ ಹೋಗ್ಬಿಡತ್ತೆ. ಅದಕ್ಕೇ ನೀರಿಗೆ ಹಾಕಿದ್ರೆ ಸೋಡಿಯಂ ಬುಸುಗುಟ್ಟಿ ಓಡಾಡಿದ್ರೆ ಪೊಟ್ಯಾಸಿಯಂ ನೇರಳೆ ಜ್ವಾಲೆ ಹೊತ್ತಿಸ್ಕೊಂಡೇ ಓಡತ್ತೆ. ಧಾತುಗಳನ್ನ ಜೋಡಿಸಿಟ್ಟ ಆವರ್ತಕ ಕೋಷ್ಟಕದ ಮೊದಲನೇ ಗುಂಪಲ್ಲಿ ಕೆಳಗಿಳಿದ ಹಾಗೆ ಚುರುಕು ಜಾಸ್ತಿ, ಏಳನೇ ಗುಂಪಲ್ಲಿ ಕೆಳಗಿಳಿದ ಹಾಗೆ ಕಮ್ಮಿ ಅಂತ ಎರಡು ಲೈನ್ ಬೇರೆಬೇರೆ ಬಾಯಿಪಾಠ ಮಾಡಿ, ಆಮೇಲೆ ಯಾವುದು ಯಾವ ಕಡೆ ಅಂತ ಗಲಿಬಿಲಿ ಮಾಡ್ಕೊಳ್ತೀಯ. ಕಾರಣ ಒಂದೇ ಕಣಮ್ಮ. ಅಲ್ಲಿ ಎಲೆಕ್ಟ್ರಾನ್ ಕಳ್ಕೋಬೇಕು, ದೂರ ಇದ್ರೆ ಕಳ್ಕೊಳ್ಳೋದು ಸಲೀಸು. ಇಲ್ಲಿ ಹೊರಗಿಂದ ಒಂದನ್ನ ಎಳ್ಕೋಬೇಕು, ದೂರ ಇದ್ರೆ ಎಳೆಯೋದು ಕಷ್ಟ, ಅದಕ್ಕೇ ಮೇಲಿರೋ ಫ್ಲೋರಿನ್ ಎಲ್ಲರಿಗಿಂತ ಜೋರು, ಕೆಳಗಿರೋ ಅಯೋಡಿನ್ ಸಾಧು. ಈ ಎರಡು ವಾಕ್ಯ ಉತ್ತರದಲ್ಲಿ ಬರೀಬೇಕು, ಬರೀ ಟ್ರೆಂಡ್ ಬರೆದು ಬಿಟ್ರೆ ಅರ್ಧ ಮಾರ್ಕ್ಸ್ ಅಲ್ಲೇ ಹೋಯ್ತು.

ಆವರ್ತಕ ಕೋಷ್ಟಕ ಅಂದಾಗ ನೆನಪಾಯ್ತು, ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಅದನ್ನ ಜೋಡಿಸ್ದಾಗ ನಂಗೆ ಇಷ್ಟ ಆಗೋದು ಅವನು ತುಂಬಿಸಿದ್ದಕ್ಕಿಂತ ಖಾಲಿ ಬಿಟ್ಟಿದ್ದು. ಇಲ್ಲೊಂದು ಧಾತು ಇರಬೇಕು, ಇನ್ನೂ ಸಿಕ್ಕಿಲ್ಲ ಅಂತ ಜಾಗ ಕಾಯ್ದಿರಿಸಿದ, ಅಲ್ಯೂಮಿನಿಯಂ ಕೆಳಗಿನ ಜಾಗಕ್ಕೆ 1875ರಲ್ಲಿ ಗ್ಯಾಲಿಯಂ ಬಂದು ಕೂತ್ಕೊಂಡ್ತು. ಟೆಲ್ಲೂರಿಯಂ ಅಯೋಡಿನ್‌ಗಿಂತ ಭಾರ ಇದ್ರೂ ಗುಣ ನೋಡಿ ಟೆಲ್ಲೂರಿಯಂನೇ ಮುಂಚೆ ಇಟ್ಟ. ಅವನು ಮಾಡಿದ್ದು ಸರಿ ಅನ್ನೋಕೆ ಕಾರಣ ಆಮೇಲೆ ಸಿಕ್ತು, ಕೋಷ್ಟಕದ ಕ್ರಮ ನಿಂತಿರೋದು ದ್ರವ್ಯರಾಶಿ ಮೇಲಲ್ಲ, ಪ್ರೋಟಾನ್ ಸಂಖ್ಯೆ ಮೇಲೆ. ಈ ಪ್ರಶ್ನೆ ಪರೀಕ್ಷೇಲಿ ಆಗಾಗ ಬರತ್ತೆ, ಬರದಿದ್ರೂ ಓದೋಕೆ ಚೆನ್ನಾಗಿದೆ.

ಈಗ ನಾನು ಕೆಟ್ಟ ಕತೆ. ನೀರು ಕುದಿಯುವಾಗ ಬರೋ ಗುಳ್ಳೆಗಳಲ್ಲಿ ಏನಿರತ್ತೆ ಅಂತ ಟೆಸ್ಟಲ್ಲಿ ಕೇಳಿದ್ರು, ನಾನು ಧೈರ್ಯವಾಗಿ ಹೈಡ್ರೋಜನ್ ಮತ್ತು ಆಕ್ಸಿಜನ್ ಅಂತ ಬರೆದೆ, ನೀರಲ್ಲಿ ಇರೋದು ಅವೇ ತಾನೇ, ಕಾಯಿಸಿದ್ರೆ ಬಿಟ್ಕೊಂಡ್ವು ಅನ್ನೋ ಲೆಕ್ಕ. ಮೇಷ್ಟ್ರು ಬೈಲಿಲ್ಲ. "ಹಾಗಾದ್ರೆ ಕುದಿಯೋ ಪಾತ್ರೆ ಹತ್ರ ಕಡ್ಡಿ ಗೀರಿದ್ರೆ ಢಂ ಅನ್ಬೇಕಿತ್ತಲ್ಲಪ್ಪಾ?" ಅಂದ್ರು, ಇಡೀ ಕ್ಲಾಸ್ ನಕ್ತು. ಗುಳ್ಳೆಯೊಳಗೆ ಇರೋದು ನೀರಿನ ಆವಿ, ಅದೂ ಎಚ್ ಟೂ ಓ ನೇ. ಕುದಿಯೋವಾಗ ಅಣುವಿನ ಒಳಗಿನ ಬಂಧ ಮುರಿಯಲ್ಲ, ಒಂದು ಅಣುಗೂ ಇನ್ನೊಂದು ಅಣುಗೂ ಮಧ್ಯೆ ಇರೋ ದುರ್ಬಲ ಆಕರ್ಷಣೆ ಮಾತ್ರ ಬಿಡತ್ತೆ. ಇದನ್ನೇ ನೀನು ಬೇರೆ ರೂಪದಲ್ಲಿ ತಪ್ಪು ಮಾಡಿದೀಯ, ಹೋದ ಟೆಸ್ಟ್ ಪೇಪರ್ ನೋಡ್ದೆ, ಮೀಥೇನ್ ಕುದಿಯೋ ಬಿಂದು ಯಾಕೆ ಕಮ್ಮಿ ಅಂದ್ರೆ "ಕೋವೇಲೆಂಟ್ ಬಂಧ ವೀಕ್ ಇರತ್ತೆ" ಅಂತ ಬರ್ದಿದೀಯ. ಅಪ್ಪನ ಮಗಳೇ ಹೌದು! ಕೋವೇಲೆಂಟ್ ಬಂಧ, ಅಂದ್ರೆ ಪರಮಾಣುಗಳು ಎಲೆಕ್ಟ್ರಾನ್ ಹಂಚ್ಕೊಳ್ಳೋ ಬಂಧ, ಏನೂ ವೀಕ್ ಅಲ್ಲ, ವಜ್ರ ಪೂರ್ತಿ ಅದರಿಂದಲೇ ಕಟ್ಟಿದ್ದು, ಒಂದೊಂದು ಕಾರ್ಬನ್ ನಾಲ್ಕು ಕೈ ಹಿಡ್ಕೊಂಡು ನಿಂತಿರೋದು. ಗ್ರಾಫೈಟ್‌ನಲ್ಲಿ ಮೂರೇ ಕೈ, ಉಳಿದ ಒಂದು ಎಲೆಕ್ಟ್ರಾನ್ ಪದರದಲ್ಲಿ ಅಲೆದಾಡ್ಕೊಂಡಿರತ್ತೆ, ಅದಕ್ಕೇ ಕರೆಂಟ್ ಹರಿಯತ್ತೆ. ನೋಡು, ಮತ್ತೆ ಎಲೆಕ್ಟ್ರಾನ್ ಎಲ್ಲಿ ಅನ್ನೋದೇ ಬಂತು. ಸೋಡಿಯಂ ಕ್ಲೋರೈಡ್ ಕಾಯಿಸಿದ್ರೆ 801 ಡಿಗ್ರಿ ಸೆಲ್ಸಿಯಸ್ ತನಕ ಕರಗಲ್ಲ, ಯಾಕಂದ್ರೆ ಅಲ್ಲಿ ಪ್ಲಸ್ ಮೈನಸ್ ಅಯಾನುಗಳು, ಅಂದ್ರೆ ಎಲೆಕ್ಟ್ರಾನ್ ಕಳ್ಕೊಂಡೋ ಪಡ್ಕೊಂಡೋ ಚಾರ್ಜ್ ಬಂದಿರೋ ಕಣಗಳು, ಎಲ್ಲಾ ದಿಕ್ಕಿಂದಲೂ ಎಳೆದಾಡ್ತಿರತ್ವೆ, ಗಟ್ಟಿಯಾಗಿದ್ದಾಗ ಕರೆಂಟ್ ಹರಿಯಲ್ಲ, ಕರಗಿದ್ರೆ ಅಥವಾ ನೀರಿಗೆ ಹಾಕಿದ್ರೆ ಹರಿಯತ್ತೆ. ಆದ್ರೆ ಇಲ್ಲಿ ಓಡಾಡೋದು ಅಯಾನು, ಎಲೆಕ್ಟ್ರಾನ್ ಅಲ್ಲ. "ಎಲೆಕ್ಟ್ರಾನ್‌ಗಳು ಚಲಿಸುತ್ತವೆ" ಅಂತ ಅಭ್ಯಾಸಬಲದಲ್ಲಿ ಬರೆದೀಯ, ಹುಷಾರು.

ಉತ್ಕರ್ಷಣ ಅಪಕರ್ಷಣ ಅಂದ್ರೆ ನಿಂಗೆ ತಲೆನೋವು ಅಂತ ಗೊತ್ತು. ಎಲೆಕ್ಟ್ರಾನ್ ಕಳ್ಕೊಂಡ್ರೆ ಉತ್ಕರ್ಷಣ, ಪಡ್ಕೊಂಡ್ರೆ ಅಪಕರ್ಷಣ. ಪದ ನೋಡಿದ್ರೆ ಉಲ್ಟಾ ಅನ್ಸತ್ತೆ, ಉತ್ ಅಂದ್ರೆ ಮೇಲಕ್ಕೆ, ಮೇಲಕ್ಕೆ ಹೋಗೋದು ಕಳ್ಕೊಳ್ಳೋದು ಹೆಂಗಾಯ್ತು ಅಂತ ನಾನೂ ವರ್ಷಗಟ್ಟಲೆ ಒದ್ದಾಡಿದೀನಿ. ಎಲೆಕ್ಟ್ರಾನ್ ಎಣಿಸಬೇಡ, ಚಾರ್ಜ್ ನೋಡು. ನೀಲಿ ಕಾಪರ್ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದ್ರೆ ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ಸೊನ್ನೆಯಿಂದ ಪ್ಲಸ್ ಎರಡಕ್ಕೆ ಏರತ್ತೆ, ಏರಿತಲ್ಲ, ಉತ್. ತಾಮ್ರ ಅವನ್ನ ತಗೊಂಡು ಪ್ಲಸ್ ಎರಡರಿಂದ ಸೊನ್ನೆಗೆ ಇಳಿಯತ್ತೆ, ಇಳಿದಿದ್ದು ಅಪ. ನೀಲಿ ಮಂಕಾಗತ್ತೆ, ಮೊಳೆ ಮೇಲೆ ಕಂದು ಕೆಂಪು ಪದರ ಕೂರತ್ತೆ. ಎಲೆಕ್ಟ್ರಾನ್ ಮೈನಸ್ ಆಗಿರೋದ್ರಿಂದ ಅದು ಬಂದ್ರೆ ಚಾರ್ಜ್ ಇಳಿಯತ್ತೆ, ಹೋದ್ರೆ ಏರತ್ತೆ, ಅಷ್ಟೇ ಗುಟ್ಟು. ಎಲೆಕ್ಟ್ರೋಲಿಸಿಸ್, ಅಂದ್ರೆ ಕರೆಂಟ್ ಹರಿಸಿ ವಸ್ತುನ ಒಡೆಯೋ ಪಾಠನೂ ಇದೇ, ನೆಗೆಟಿವ್ ಕ್ಯಾಥೋಡ್ ಕಡೆ ಪ್ಲಸ್ ಅಯಾನು ಹೋಗಿ ಎಲೆಕ್ಟ್ರಾನ್ ತಗೊಳ್ಳತ್ತೆ. ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ ಮಾತ್ರ ಕ್ಯಾಥೋಡ್‌ನಲ್ಲಿ ಸೋಡಿಯಂ ಬರಲ್ಲ, ಹೈಡ್ರೋಜನ್ ಬರತ್ತೆ, ಸೋಡಿಯಂ ಅಷ್ಟು ಚುರುಕು, ನೀರಿರೋ ಕಡೆ ಅಯಾನಾಗೇ ಉಳ್ಕೊಳ್ಳತ್ತೆ. ನೀರಿಲ್ಲದೆ ಬರೀ ಉಪ್ಪನ್ನೇ ಕಾಯಿಸಿ ಕರಗಿಸಿ ಮಾಡಿದ್ರೆ ಸೋಡಿಯಂ ಸಿಗತ್ತೆ. ಪ್ರಶ್ನೇಲಿ ದ್ರಾವಣ ಅಂತ ಇದ್ಯಾ, ಕರಗಿದ್ದು ಅಂತ ಇದ್ಯಾ ಅಂತ ಎರಡು ಸಲ ನೋಡು.

ಎಷ್ಟಿದೆ ಅನ್ನೋ ಪ್ರಶ್ನೆಗೆ ಬರೋಣ. ಮೋಲ್ ಕಂಡ್ರೆ ನಿಂಗೆ ಯಾಕಿಷ್ಟು ಭಯ? ಡಜನ್ ಅಂದ್ರೆ 12, ಮೋಲ್ ಅಂದ್ರೆ 6.022 ಗುಣಿಸು ಹತ್ತರ ಘಾತ 23, ಎಣಿಕೆಗೆ ಒಂದು ಹೆಸರು, ಬೇರೇನಿಲ್ಲ. ಅಷ್ಟನ್ನ ಎಣಿಸೋಕಾಗಲ್ಲ, ತೂಗಬಹುದು, ಹಾಗಾಗಿ ತೂಕದಿಂದ ಎಣಿಕೆಗೆ ಹೋಗ್ತೀವಿ, ಎಣಿಕೆಯಿಂದ ವಾಪಸ್ ತೂಕಕ್ಕೆ ಬರ್ತೀವಿ. 6 ಗ್ರಾಂ ಮೆಗ್ನೀಸಿಯಂ ಪೂರ್ತಿ ಸುಟ್ರೆ ಎಷ್ಟು ಆಕ್ಸೈಡ್ ಬರತ್ತೆ? ಮೆಗ್ನೀಸಿಯಂ ಒಂದು ಮೋಲ್ 24 ಗ್ರಾಂ, 6 ಭಾಗಿಸು 24, ಕಾಲು ಮೋಲ್. ಸಮೀಕರಣದಲ್ಲಿ ಎರಡು ಮೆಗ್ನೀಸಿಯಂಗೆ ಎರಡು ಆಕ್ಸೈಡ್, ಅಂದ್ರೆ ಅದೂ ಕಾಲು ಮೋಲ್. ಆಕ್ಸೈಡ್ ಒಂದು ಮೋಲ್ 24 ಕೂಡಿಸು 16, 40 ಗ್ರಾಂ, ಅದರ ಕಾಲು ಭಾಗ 10 ಗ್ರಾಂ. ಮುಗೀತು. 6 ಇದ್ದಿದ್ದು ಸುಟ್ಟ ಮೇಲೆ 10 ಹೆಂಗಾಯ್ತು ಅಂದ್ರೆ ಗಾಳಿಯಿಂದ 4 ಗ್ರಾಂ ಆಕ್ಸಿಜನ್ ಬಂದು ಸೇರ್ಕೊಂಡಿದೆ, ಸುಟ್ರೆ ತೂಕ ಕಮ್ಮಿ ಆಗಲೇಬೇಕು ಅನ್ನೋ ನಂಬಿಕೆನ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ಹಿಂದೇನೇ ಕೆಡವಿದಾನೆ. ನೀನು ಲೆಕ್ಕ ತಪ್ಪೋದು ಭಾಗಾಕಾರದಲ್ಲಿ ಅಲ್ಲ, ಮಧ್ಯದ ಆ ಅನುಪಾತದ ಹೆಜ್ಜೆ ಹಾರಿಸ್ತೀಯಲ್ಲ, ಅಲ್ಲಿ. ಮೂರೂ ಹೆಜ್ಜೆ ಬರಿ, ಉತ್ತರ ತಪ್ಪಾದ್ರೂ ದಾರಿಗೆ ಮಾರ್ಕ್ಸ್ ಸಿಗತ್ತೆ.

ಸಮೀಕರಣ ಸರಿದೂಗಿಸುವಾಗ ಸೂತ್ರದ ಎಡಗಡೆ ಇರೋ ದೊಡ್ಡ ನಂಬರ್ ಮಾತ್ರ ಮುಟ್ಟು. ಆಕ್ಸಿಜನ್ ಒಂದು ಕಮ್ಮಿ ಬಿತ್ತು ಅಂತ ನೀರಿನ ಸೂತ್ರದೊಳಗೇ ಎರಡು ಸೇರಿಸಿದ್ರೆ ಅದು ನೀರಾಗಿ ಉಳಿಯಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗೋಗತ್ತೆ.

ಆಸಿಡ್ ಪಾಠ ನಿಂಗೆ ಚೆನ್ನಾಗೇ ಬರತ್ತೆ, ಎರಡೇ ಮಾತು. ಪ್ರಬಲ ಆಮ್ಲ ಬೇರೆ, ಸಾಂದ್ರ ಆಮ್ಲ ಬೇರೆ. ಪ್ರಬಲ ಅಂದ್ರೆ ನೀರಲ್ಲಿ ಪೂರ್ತಿ ಅಯಾನಾಗಿ ಒಡೆಯೋದು, ಸಾಂದ್ರ ಅಂದ್ರೆ ಅಷ್ಟೇ ನೀರಲ್ಲಿ ಜಾಸ್ತಿ ಆಮ್ಲ ಇರೋದು, ಪ್ರಬಲ ಆಮ್ಲವನ್ನೂ ನೀರು ಹಾಕಿ ತೆಳು ಮಾಡಬಹುದು. ಆಮೇಲೆ ಆಮ್ಲೀಯತೆ ಅಳೆಯೋ ಪಿಎಚ್ 5ರಿಂದ 3ಕ್ಕೆ ಇಳಿದ್ರೆ ಹೈಡ್ರೋಜನ್ ಅಯಾನು ಎರಡು ಪಟ್ಟಲ್ಲ, ನೂರು ಪಟ್ಟು ಜಾಸ್ತಿ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು.

ಕ್ರಿಯೆಯ ವೇಗದ ಪ್ರಶ್ನೇಲಿ "ಕಣಗಳು ಜಾಸ್ತಿ ಡಿಕ್ಕಿ ಹೊಡೆಯುತ್ತವೆ" ಅಂತ ಬರೆದು ಬಿಡಬೇಡ, ಒಂದು ಸೆಕೆಂಡಿಗೆ ಆಗೋ ಡಿಕ್ಕಿ ಜಾಸ್ತಿ ಅಂತ ಬರಿ, ಬಿಸಿ ಮಾಡಿದ್ದಾದ್ರೆ ಸಾಕಷ್ಟು ಶಕ್ತಿ ಇರೋ ಡಿಕ್ಕಿಗಳೂ ಜಾಸ್ತಿ ಅಂತ ಸೇರಿಸು. ಕ್ರಿಯೆಯ ವೇಗ ಹೆಚ್ಚಿಸೋ ಕ್ರಿಯಾವರ್ಧಕ (ಕ್ಯಾಟಲಿಸ್ಟ್) ಬೇರೆ ದಾರಿ ತೋರಿಸತ್ತೆ, ಆ ದಾರಿಗೆ ಬೇಕಾದ ಶಕ್ತಿ ಕಮ್ಮಿ, ತಾನು ಖರ್ಚಾಗಲ್ಲ.

ಅನಿಲಗಳ ಪರೀಕ್ಷೆ ಬಾಯಿಪಾಠವೇ ಗತಿ, ಅದಕ್ಕೆ ಅಡ್ಡದಾರಿ ಇಲ್ಲ. ಹೈಡ್ರೋಜನ್‌ಗೆ ಉರಿಯೋ ಕಡ್ಡಿ, ಟಪ್ ಅನ್ನತ್ತೆ. ಆಕ್ಸಿಜನ್‌ಗೆ ಆರಿಸಿ ಕೆಂಡ ಮಾತ್ರ ಉಳಿದಿರೋ ಕಡ್ಡಿ, ಮತ್ತೆ ಹೊತ್ತಿಕೊಳ್ಳತ್ತೆ. ಉರಿಯೋದು, ಕೆಂಡ, ಇವೆರಡನ್ನ ಅದಲು ಬದಲು ಮಾಡೋರೇ ಜಾಸ್ತಿ. ಕಾರ್ಬನ್ ಡೈಆಕ್ಸೈಡ್‌ಗೆ ಸುಣ್ಣದ ತಿಳಿನೀರು, ಕಡ್ಡಿ ಆರಿತು ಅಂತ ಬರೆದ್ರೆ ಸಾಲಲ್ಲ, ನೈಟ್ರೋಜನ್‌ನಲ್ಲೂ ಆರತ್ತೆ. ಕಾರ್ಬನ್‌ಗಳ ಮಧ್ಯೆ ಜೋಡಿ ಬಂಧ ಇರೋ ಆಲ್ಕೀನ್ ಬ್ರೋಮಿನ್ ನೀರಿನ ಬಣ್ಣ ತೆಗೆಯತ್ತೆ, ಒಂಟಿ ಬಂಧ ಮಾತ್ರ ಇರೋ ಆಲ್ಕೇನ್ ಹಾಗೇ ಬಿಡತ್ತೆ. ಉಳಿದ ಆರ್ಗ್ಯಾನಿಕ್ ನಿಂಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡು.

ಇವತ್ತು ಹೈಲೈಟರ್ ನಾನು ಎತ್ತಿಟ್ಟಿದೀನಿ, ಹುಡುಕಬೇಡ. ಈ ಕಾಗದದ ಹಿಂದೆ ಖಾಲಿ ಇದೆ. 25 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ವಿಭಜನೆ ಆಗೋ ತನಕ ಕಾಯಿಸಿದ್ರೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16. ಮೂರು ಹೆಜ್ಜೆ. ಮಾಡಿ ನನ್ನ ರೂಮಿನ ಬಾಗಿಲ ಕೆಳಗೆ ತೂರಿಸು, ಎಷ್ಟೊತ್ತಾದ್ರೂ ಎದ್ದಿರ್ತೀನಿ.

ನಿನ್ನ ಅಪ್ಪ